ಸ್ಪಿನೋಜಾನನ್ನು ಎಲ್ಲಿಂದ ಓದಲು ತೊಡಗಬೇಕು?



ನಿಸರ್ಗ ಮತ್ತು ಮನುಷ್ಯನ ಸಂಬಂಧವನ್ನು ಕುರಿತ ಚಿಂತನೆಯಲ್ಲಿ ಹದಿನೇಳನೆಯ ಶತಮಾನದ ಡಚ್ ತತ್ತ್ವಜ್ಞಾನಿ ಸ್ಪಿನೋಜಾನ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. 1973ರಲ್ಲಿ ‘ಗಹನ ಪರಿಸರವಾದ’ದ ವಿಚಾರವನ್ನು ಮಂಡಿಸಿದ ನಾರ್ವೆಯ ಆರ್ನೆ ನೆಸ್ ಅವರ ಮೇಲೆ ಆತನ ಪ್ರಭಾವ ಆಳವಾದುದು. ದೇವರು ಮತ್ತು ನಿಸರ್ಗ ಬೇರೆಬೇರೆಯಲ್ಲವೆಂಬ ಆತನ ನಿಲುವನ್ನು ಬಲ್ಲವರು ಬಹಳ ಮಂದಿ. ಆತನ ಮುಖ್ಯ ಕೃತಿ ‘ಎಥಿಕ್ಸ್’ ಅನ್ನು ಓದಿದವರು ಕಡಿಮೆ. ಕೈಗೆತ್ತಿಕೊಂಡ ಅನೇಕರು ಮೊದಲ ಪುಟದಲ್ಲಿಯೇ ನಿಲ್ಲುತ್ತಾರೆ. ಅದಕ್ಕೆ ಕಾರಣ ಓದುಗರ ಬುದ್ಧಿಯ ಕೊರತೆಯಲ್ಲ, ಕೃತಿಯ ರಚನೆ.

1632ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಸ್ಪಿನೋಜಾ 1656ರಲ್ಲಿ ಸಮುದಾಯದಿಂದ ಬಹಿಷ್ಕೃತನಾದನು. ಮಸೂರಗಳನ್ನು ಉಜ್ಜುವ ಕಸುಬು ಮಾಡಿದನು. 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಯನ್ನು ನಿರಾಕರಿಸಿದನು. ‘ಎಥಿಕ್ಸ್’ ಪ್ರಕಟವಾದದ್ದು ಆತನು ತೀರಿಕೊಂಡ 1677ರಲ್ಲಿ. ಐದು ಭಾಗಗಳ ಈ ಗ್ರಂಥವು ರೇಖಾಗಣಿತದ ಕ್ರಮದಲ್ಲಿ ರಚಿತವಾಗಿದೆ. ಮೊದಲ ಭಾಗದಲ್ಲಿ 8 ವ್ಯಾಖ್ಯೆಗಳು, 7 ಸ್ವಯಂಸಿದ್ಧಗಳು, ಅನಂತರ 36 ಪ್ರಮೇಯಗಳು. ದ್ರವ್ಯವೆಂದರೇನು, ಗುಣವೆಂದರೇನು ಎಂಬ ವ್ಯಾಖ್ಯೆಗಳು ಯಾವ ಪ್ರಶ್ನೆಗೆ ಉತ್ತರವೆಂದು ತಿಳಿಯದವನಿಗೆ ಅವು ಒಣ ಶಬ್ದಗಳಾಗಿಯೇ ಉಳಿಯುತ್ತವೆ. ಆದುದರಿಂದ ಮೊದಲು ಪ್ರಶ್ನೆಗಳನ್ನು ಅರಿಯಬೇಕು, ಆಮೇಲೆ ವ್ಯಾಖ್ಯೆಗಳ ಬಳಿಗೆ ಹೋಗಬೇಕು.

ಮೊದಲ ಹೆಜ್ಜೆಯಾಗಿ, ಬುದ್ಧಿಯ ಪರಿಷ್ಕರಣೆಯನ್ನು ಕುರಿತು ಆತನು ಅಪೂರ್ಣವಾಗಿ ಬಿಟ್ಟುಹೋದ ಪ್ರಬಂಧದ ಆರಂಭದ ಪುಟಗಳನ್ನು ಓದಬಹುದು. ಸಂಪತ್ತು, ಕೀರ್ತಿ, ಭೋಗ ಇವುಗಳ ಬೆನ್ನುಹತ್ತಿದ ಬದುಕಿಗಿಂತ ಸ್ಥಿರವಾದ ಒಳಿತು ಇದೆಯೇ ಎಂದು ಅಲ್ಲಿ ಒಬ್ಬ ಸಾಮಾನ್ಯ ಮನುಷ್ಯನಂತೆ ಆತನು ಕೇಳಿಕೊಳ್ಳುತ್ತಾನೆ. ಅನಂತರ 1665ರಲ್ಲಿ ಓಲ್ಡೆನ್‌ಬರ್ಗ್‌ಗೆ ಬರೆದ ಪತ್ರ. ರಕ್ತದೊಳಗೆ ವಾಸಿಸುವ ಹುಳುವೊಂದು ತನ್ನ ಸುತ್ತಲಿನ ಕಣಗಳನ್ನು ಬಿಡಿಬಿಡಿ ವಸ್ತುಗಳೆಂದು ತಿಳಿದೀತೇ ಹೊರತು ರಕ್ತದ ಅಂಶಗಳೆಂದು ತಿಳಿಯಲಾರದು. ವಿಶ್ವದಲ್ಲಿ ಮನುಷ್ಯನ ಸ್ಥಿತಿಯೂ ಹಾಗೆಯೇ ಎಂಬ ವಿಚಾರ ಅದರಲ್ಲಿದೆ. ಅಂಶ ಮತ್ತು ಪೂರ್ಣದ ಸಂಬಂಧವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಮೂರನೆಯದಾಗಿ ‘ಎಥಿಕ್ಸ್’ನ ಮೊದಲ ಭಾಗದ ಕೊನೆಯಲ್ಲಿರುವ ಅನುಬಂಧ. ಸಸ್ಯಗಳೂ ಪ್ರಾಣಿಗಳೂ ಸೂರ್ಯನೂ ತನ್ನ ಉಪಯೋಗಕ್ಕಾಗಿಯೇ ನಿರ್ಮಿತವಾಗಿವೆ ಎಂಬ ಮನುಷ್ಯನ ಭ್ರಮೆ ಹುಟ್ಟುವ ಬಗೆಯನ್ನು ಆತನು ಇಲ್ಲಿ ಬಿಡಿಸಿ ತೋರಿಸುತ್ತಾನೆ. ಮೂರನೆಯ ಭಾಗದ ಮುನ್ನುಡಿಯನ್ನು ಇದರ ಜೊತೆಗಿಟ್ಟು ಓದಬೇಕು. ಮನುಷ್ಯನು ನಿಸರ್ಗದ ನಿಯಮಗಳಿಗೆ ಹೊರತಾದವನಲ್ಲ. ಅವನ ಕೋಪ, ಅಸೂಯೆಗಳಿಗೂ ನೈಸರ್ಗಿಕ ಕಾರಣಗಳಿವೆ ಎಂಬುದು ಅದರ ಸಾರ. ಇಷ್ಟಾದ ಮೇಲೆ ಪ್ರಮೇಯಗಳ ನಡುವಿನ ಟಿಪ್ಪಣಿಗಳನ್ನು ಓದಬೇಕು. ಅಲ್ಲಿ ಗಣಿತದ ಬಿಗಿ ಸಡಿಲಿ ಮಾತು ತಿಳಿಯಾಗುತ್ತದೆ. ಪ್ರಮೇಯಗಳ ಸಾಧನೆಗಳು ಸಾಮಾನ್ಯವಾಗಿ ಹಿಂದಿನ ಪ್ರಮೇಯಗಳನ್ನು ಹೆಸರಿಸುವುದರಿಂದ, ಹಳ್ಳದ ಜಾಡು ಹಿಡಿದು ಒರತೆಯನ್ನು ಸೇರುವಂತೆ, ಓದುಗನು ಕಡೆಗೆ ಆ ಮೊದಲ ವ್ಯಾಖ್ಯೆಗಳನ್ನೇ ತಲುಪುತ್ತಾನೆ. ಈಗ ಅವು ಒಣ ಶಬ್ದಗಳಾಗಿರುವುದಿಲ್ಲ.

ಇಂಗ್ಲಿಷ್ ಬಲ್ಲವರಿಗೆ ಎಡ್ವಿನ್ ಕರ್ಲಿ ಅವರು ಅನುವಾದಿಸಿ ಸಂಪಾದಿಸಿದ, 1994ರಲ್ಲಿ ಪ್ರಕಟವಾದ ‘ಎ ಸ್ಪಿನೋಜಾ ರೀಡರ್’ ಈ ದಾರಿಗೆ ಒದಗುವ ಸಂಪುಟ.

ಒಂದು ಎಚ್ಚರಿಕೆ ಅಗತ್ಯ. ನಾಲ್ಕನೆಯ ಭಾಗದ 37ನೆಯ ಪ್ರಮೇಯದ ಟಿಪ್ಪಣಿಯೊಂದರಲ್ಲಿ, ಪ್ರಾಣಿಗಳಿಗೂ ಸಂವೇದನೆಯಿದೆಯೆಂದು ಒಪ್ಪಿಕೊಂಡ ಮೇಲೂ, ಮನುಷ್ಯನು ಅವುಗಳನ್ನು ತನ್ನಿಚ್ಛೆಯಂತೆ ಬಳಸಿಕೊಳ್ಳಬಹುದೆಂದು ಇದೇ ಸ್ಪಿನೋಜಾ ವಾದಿಸುತ್ತಾನೆ. ಆತನನ್ನು ಪರಿಸರದ ಋಷಿಯೆಂದು ಕೊಂಡಾಡುವವರು ಈ ಪುಟವನ್ನು ದಾಟಿಹೋಗಬಾರದು. ಎಲ್ಲವೂ ಒಂದೇ ನಿಸರ್ಗದ ಅಂಶಗಳಾಗಿರುವಾಗ ಈ ತೀರ್ಮಾನ ಹೇಗೆ ಬಂತು, ಅದು ಆತನದೇ ತತ್ತ್ವಕ್ಕೆ ಹೊಂದುತ್ತದೆಯೇ ಎಂದು ಕೇಳಬೇಕು. ಪೂರ್ವಪಕ್ಷವನ್ನು ಪೂರ್ಣವಾಗಿ ಕೇಳದೆ ಸಿದ್ಧಾಂತಕ್ಕೆ ಹೋಗಬಾರದೆಂಬುದು ನಮ್ಮ ಶಾಸ್ತ್ರಪರಂಪರೆಯ ಶಿಸ್ತು. ಎರವಲು ಪಡೆದ ಒಂದು ಸೂಕ್ತಿ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸೀತು. ಎದುರಾಳಿಯ ಒಂದು ಪ್ರಶ್ನೆಗೆ ಅದು ಉತ್ತರ ಕೊಡಲಾರದು.

ನಾಲ್ಕೈದು ಜನ ಕೂಡಿ, ವಾರಕ್ಕೆ ಎರಡು ಪುಟ ಓದಿದರೂ ಸಾಕು. ಅನುಬಂಧದ ಆ ಕೆಲವೇ ಪುಟಗಳಿಂದ ಆರಂಭವಾಗಲಿ.