ಯಾವ ಸೂಲಗಿತ್ತಿ?



ಕಳೆದ ವಾರ ಕಾಚಿಗುಡದಿಂದ ಕೇಳುಗರೊಬ್ಬರು ಫೋನ್ ಮಾಡಿದ್ದರು. ಏಳು ತಿಂಗಳ ಬಸುರಿ. "ಆಸ್ಪತ್ರೆ ಅಂದರೆ ಭಯ. ಮನೆಯಲ್ಲೇ ಹೆರಿಗೆ ಆಗಬೇಕು ಅಂತ ಆಸೆ. ಒಳ್ಳೆಯ ಸೂಲಗಿತ್ತಿ ಸಿಗ್ತಾರಾ?" ಎಂದರು. "ಯಾವ ಸೂಲಗಿತ್ತಿ?" ಎಂದು ಕೇಳಿದೆ. "ಅದರಲ್ಲೂ ಬೇರೆ ಬೇರೆ ಇದ್ದಾರಾ?" ಎಂದು ನಕ್ಕರು. ಇದ್ದಾರೆ. ಇವತ್ತು ಆ ವಿಷಯವನ್ನೇ ಮಾತಾಡೋಣ.

ಮೊದಲನೆಯವರು ನಮ್ಮೂರಿನ ಸೂಲಗಿತ್ತಿ. ಇಲ್ಲಿ ಮಂತ್ರಸಾನಿ, ದೆಹಲಿಯಲ್ಲಿ ದಾಯಿ. ಓದಿ ಕಲಿತವರಲ್ಲ, ಕಂಡು ಕಲಿತವರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ಕೈಗಳಿಗೆ ನಮಸ್ಕಾರ. ಆದರೆ ಇವರ ಬಳಿ ಔಷಧಿ ಇರುವುದಿಲ್ಲ, ನೋಂದಣಿಯೂ ಇಲ್ಲ.

ಎರಡನೆಯವರು ಎ.ಎನ್.ಎಂ. ಎರಡು ವರ್ಷ ತರಬೇತಿ ಪಡೆದು, ಉಪಕೇಂದ್ರದಲ್ಲಿ ತಪಾಸಣೆ, ಚುಚ್ಚುಮದ್ದು ನೋಡಿಕೊಳ್ಳುವ ಅಕ್ಕ. ಮೂರನೆಯವರು ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿದವರು. ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಎಂದೂ ಮಿಡ್‌ವೈಫ್ ಎಂದೂ ನೋಂದಣಿ ಆಗಿರುತ್ತಾರೆ.

ನಾಲ್ಕನೆಯವರು ಹೊಸಬರು. ಅನುಭವವಿರುವ ನರ್ಸ್‌ಗಳಿಗೆ ಮತ್ತೆ 18 ತಿಂಗಳ ವಿಶೇಷ ತರಬೇತಿ ಕೊಡಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ಹೊರಡಿಸಿತು. ತೆಲಂಗಾಣ ಅದಕ್ಕೂ ಮುಂಚೆ, 2017ರಲ್ಲೇ, ಇಂಥ ತರಬೇತಿ ಶುರು ಮಾಡಿತ್ತು. ಆದರೆ ಇವರ ಕೆಲಸ ಆಸ್ಪತ್ರೆಯೊಳಗೇ, ಡಾಕ್ಟರು ಹತ್ತಿರದಲ್ಲಿರುವಾಗ.

ಇನ್ನು ಡೌಲಾ ಎಂಬವರಿದ್ದಾರೆ. ಬೆನ್ನು ನೀವಿ ಧೈರ್ಯ ಹೇಳುತ್ತಾರೆ. ಒಳ್ಳೆಯ ಸಂಗಾತಿ, ಆದರೆ ಸೂಲಗಿತ್ತಿ ಅಲ್ಲ.

ನಾನು ಹುಟ್ಟಿದ್ದು ಕಲಬುರಗಿ ಜಿಲ್ಲೆಯ ಹಳ್ಳಿಯಲ್ಲಿ, ಅಜ್ಜಿಯ ಮನೆಯಲ್ಲಿ. ಕೂಸು ಚೆನ್ನಾಗಿಯೇ ಬಂತು. ಆದರೆ ಅವ್ವನಿಗೆ ರಕ್ತ ನಿಲ್ಲಲಿಲ್ಲ. ಆಗ ಸೂಲಗಿತ್ತಿ ಆಯಿ, "ಇದು ನನ್ನ ಕೈಯಾಗಿಲ್ಲ, ಟ್ರ್ಯಾಕ್ಟರ್ ತರಸ್ರಿ" ಎಂದಳಂತೆ. ಅವ್ವ ಉಳಿದದ್ದು ಆ ಒಂದು ಮಾತಿನಿಂದ. ತನ್ನ ಕೈ ಎಲ್ಲಿಗೆ ಮುಗಿಯುತ್ತದೆ ಎಂದು ಬಲ್ಲವಳೇ ಒಳ್ಳೆಯ ಸೂಲಗಿತ್ತಿ.

ಆದ್ದರಿಂದ ಯಾರೇ ಮನೆಗೆ ಬರುತ್ತೇನೆ ಎಂದರೂ ನಾಲ್ಕು ಪ್ರಶ್ನೆ ಕೇಳಿ. ನಿಮ್ಮ ನೋಂದಣಿ ಯಾವ ಕೌನ್ಸಿಲ್‌ನಲ್ಲಿದೆ? ರಕ್ತ ನಿಲ್ಲದಿದ್ದರೆ ಕೊಡಲು ಆಕ್ಸಿಟೋಸಿನ್ ಚುಚ್ಚುಮದ್ದು ತರುತ್ತೀರಾ? ಕೂಸು ಅಳದಿದ್ದರೆ ಮೊದಲ ನಿಮಿಷದಲ್ಲೇ ಉಸಿರು ತುಂಬುವ ಚೀಲ, ಮುಖವಾಡ ಇದೆಯೇ, ಬಳಸಲು ಬರುತ್ತದೆಯೇ? ಯಾವ ಹೊತ್ತಿನಲ್ಲಿ ಆಸ್ಪತ್ರೆಗೆ ಹೊರಡೋಣ ಎನ್ನುತ್ತೀರಿ, ಯಾವ ಆಸ್ಪತ್ರೆಗೆ? "ಅದೆಲ್ಲ ಬೇಕಾಗೋದೇ ಇಲ್ಲ" ಎನ್ನುವವರಿಗೆ ದೂರದಿಂದಲೇ ಕೈ ಮುಗಿಯಿರಿ.

ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ಅವಳಿ ಇದ್ದರೆ, ಕೂಸು ಅಡ್ಡ ಇದ್ದರೆ, ಬಿ.ಪಿ., ಸಕ್ಕರೆ ಕಾಯಿಲೆ, ರಕ್ತಹೀನತೆ ಇದ್ದರೆ ಮನೆಯ ಮಾತೇ ಬೇಡ. ಇವೇನೂ ಇಲ್ಲದವರಿಗೂ ರಕ್ತಸ್ರಾವ ಹೇಳಿ ಬರುವುದಿಲ್ಲ. ಈ ಊರಿನ ಟ್ರಾಫಿಕ್ಕಿನಲ್ಲಿ 108 ಬಂದು ಮುಟ್ಟಲು ಎಷ್ಟು ಹೊತ್ತು, ನಿಮಗೇ ಗೊತ್ತು.

ಕಾಚಿಗುಡದ ತಂಗಿಗೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ. "ನಿನಗೆ ಬೇಕಾಗಿರುವುದು ಮನೆಯೋ, ಅಥವಾ ಕೈ ಹಿಡಿದು ಪಕ್ಕದಲ್ಲಿ ಕೂರುವ ಒಬ್ಬ ಹೆಂಗಸೋ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನೇದು" ಎಂದಳು. ಮಿಡ್‌ವೈಫ್‌ಗಳೇ ಹೆರಿಗೆ ನೋಡಿಕೊಳ್ಳುವ ಆಸ್ಪತ್ರೆಗಳು ಈ ಊರಿನಲ್ಲಿವೆ. ಈ ವಾರ ಗಂಡನ ಜೊತೆ ಹೋಗಿ ಕೇಳಿಕೊಂಡು ಬರುತ್ತೇನೆ ಎಂದಿದ್ದಾಳೆ.

ಅವಳ ಮಡಿಲು ತುಂಬಲಿ. ಮುಂದಿನ ವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ. ನಮಸ್ಕಾರ.