ಮುಚ್ಚಿದ ಡಬ್ಬದ ಬಲ



ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಹಾರಿಸುವ ಕಂಟ್ರೋಲ್ ಲೈನ್ ಮಾದರಿ ವಿಮಾನವನ್ನು ಎರಡು ತಂತಿಗಳು ಆಳುತ್ತವೆ. ಹಿಡಿಕೆ ಓರೆ ಮಾಡಿದರೆ ಬಾಲದ ಎಲಿವೇಟರ್ ಏಳಬೇಕು, ಇಳಿಯಬೇಕು. ಫ್ಯೂಸಲಾಜ್ ಎಂಬ ಒಡಲು ಬಾಗಿದರೆ, ನುಲಿದರೆ, ಕೈಯ ಆಜ್ಞೆ ಬಾಲಕ್ಕೆ ಪೂರ್ತಿ ಮುಟ್ಟದು. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಲಾಗ ಮುಗಿಸುವಾಗ ಅಷ್ಟು ಕೊರತೆ ಸಾಕು, ತಿಂಗಳುಗಟ್ಟಲೆ ಕಟ್ಟಿದ್ದು ಮಣ್ಣುಪಾಲು.

ಹಾಗೆಂದು ದಪ್ಪ ಮರ ಹಾಕಿದರೆ ತೂಕ ಏರುತ್ತದೆ. ರಟ್ಟಿನ ಡಬ್ಬವೊಂದನ್ನು ಮುಚ್ಚಳ ತೆರೆದು ತಿರುಚಿ, ನುಲಿಯುತ್ತದೆ. ಮುಚ್ಚಳ ಅಂಟಿಸಿ ತಿರುಚಿ, ಜಗ್ಗುವುದಿಲ್ಲ. ಬಾಲ್ಸಾ ಒಡಲಿನ ಗುಟ್ಟೂ ಇದೇ: ತೆಳು ಹಲಗೆ, ಎಲ್ಲ ಬದಿ ಮುಚ್ಚಿದ ಪೆಟ್ಟಿಗೆ, ಎಂಜಿನ್ ನಡುಗಿಸುವ ಮೂತಿಗೆ ಪ್ಲೈವುಡ್ ಒಳಪದರ.

ಬಣ್ಣ ಬಳಿಯುವ ಮುನ್ನ ಒಂದು ಕೈಯಲ್ಲಿ ರೆಕ್ಕೆ ಹಿಡಿದು, ಇನ್ನೊಂದರಲ್ಲಿ ಬಾಲವನ್ನು ಮೆಲ್ಲನೆ ತಿರುಚಿ ನೋಡಿ. ಸಡಿಲವಿದ್ದರೆ ಆಗಲೇ ಸರಿಪಡಿಸಿ.