ಬೀಜದ ಬೆಲೆ

ಹಲಸಿನ ಹಣ್ಣು ಹೆಚ್ಚುವ ದಿನ ತೊಳೆಗೆ ಕೈಚಾಚದವರಿಲ್ಲ. ಆದರೆ ತೊಳೆ ಮುಗಿದ ಮೇಲೆ ಉಳಿದ ಬೀಜವನ್ನು ಕೇಳುವವರು ಯಾರು? ಪಟ್ಟಣದ ಎಷ್ಟೋ ಮನೆಗಳಲ್ಲಿ ಅದು ಸಿಪ್ಪೆಯೊಡನೆ ಕಸದ ಪಾಲಾಗುತ್ತದೆ. ಅದೇ ಸಂಜೆ ಶಾಲೆಯಿಂದ ಹಸಿದು ಬಂದ ಮಕ್ಕಳಿಗೆ ಅಂಗಡಿಯ ಕರಿದ ತಿಂಡಿಯನ್ನು ತರಿಸುತ್ತೇವೆ. ಇದು ಜಾಣ ಸಂಸಾರದ ಲಕ್ಷಣವೆ? ತಾವೇ ಆಲೋಚಿಸಬೇಕು.

ಬೀಜವೆಂದರೆ ತಾಯಿಮರವು ಮುಂದಿನ ಸಸಿಗೆ ಕಟ್ಟಿಕೊಟ್ಟ ಬುತ್ತಿ. ಎಲೆಯೊಡೆದು ತನ್ನ ಆಹಾರವನ್ನು ತಾನೇ ಸಂಪಾದಿಸುವವರೆಗೆ ಎಳೆಯ ಸಸಿಗೆ ಅದೇ ಆಧಾರ. ಆದುದರಿಂದಲೇ ಹಣ್ಣಿನಲ್ಲಿ ಸವಿ ಹೆಚ್ಚು, ಬೀಜದಲ್ಲಿ ಸತ್ತ್ವ ಹೆಚ್ಚು. 100 ಗ್ರಾಂ ಹಲಸಿನ ತೊಳೆಯಲ್ಲಿ ಸಸಾರಜನಕ 2 ಗ್ರಾಮಿನಷ್ಟಿದ್ದರೆ, ಅಷ್ಟೇ ತೂಕದ ಬೀಜದಲ್ಲಿ 6 ಗ್ರಾಮಿಗೂ ಮೇಲುಂಟು. ಹೊಟ್ಟೆ ತುಂಬಿಸುವ ಪಿಷ್ಟವೂ ಉಂಟು.

ಸಿಹಿಗುಂಬಳವನ್ನು ನಾವು ತರಕಾರಿಯೆಂದು ಕರೆದರೂ ಸಸ್ಯಶಾಸ್ತ್ರಕ್ಕೆ ಅದೂ ಹಣ್ಣೇ. ಒಣಗಿಸಿ ಸಿಪ್ಪೆ ತೆಗೆದ ಅದರ ಬೀಜದಲ್ಲಿ 100 ಗ್ರಾಮಿಗೆ ಸುಮಾರು 30 ಗ್ರಾಂ ಸಸಾರಜನಕವಿದೆ. ಮೆಗ್ನೀಸಿಯಂ, ಸತು, ಕಬ್ಬಿಣ ಇವೂ ಧಾರಾಳವಾಗಿವೆ. ಕಲ್ಲಂಗಡಿ ಬೀಜದ ತಿರುಳೂ ಹೆಚ್ಚುಕಡಿಮೆ ಇದಕ್ಕೆ ಸಮ. ಆದರೆ ಇವೆರಡರ ತೂಕದಲ್ಲಿ ಅರ್ಧದಷ್ಟು ಎಣ್ಣೆಯ ಅಂಶ. ಆದುದರಿಂದ ಒಂದು ಸಣ್ಣ ಹಿಡಿ ಸಾಕು.

ಇನ್ನು ಪಾಕದ ಮಾತು. ಹಲಸಿನ ಬೀಜವನ್ನು ಹಸಿಯಾಗಿ ತಿನ್ನಬಾರದು. ಸಸಾರಜನಕ ಜೀರ್ಣವಾಗದಂತೆ ತಡೆಯುವ ವಸ್ತುವೊಂದು ಅದರಲ್ಲಿದೆ. ಚೆನ್ನಾಗಿ ಬೇಯಿಸಿದರೆ ಆ ದೋಷ ಅಡಗುತ್ತದೆ. ಬಿಳಿಯ ಹೊರಸಿಪ್ಪೆ ಸುಲಿದು, ಉಪ್ಪು ಹಾಕಿ ಬೇಯಿಸಿ. ಸುಡುವುದಾದರೆ ಮೊದಲು ಚಾಕುವಿನಿಂದ ಸ್ವಲ್ಪ ಸೀಳಿ. ಇಲ್ಲವಾದರೆ ಅದು ಸಿಡಿದೀತು. ಕುಂಬಳ, ಕಲ್ಲಂಗಡಿಗಳ ಬೀಜವನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದರಾಯಿತು.

ಎಲ್ಲ ಬೀಜವೂ ತಿನ್ನತಕ್ಕದ್ದಲ್ಲ ಎಂಬುದೂ ನೆನಪಿರಲಿ. ಸೇಬು, ಜರದಾಳು, ಪೀಚ್ ಹಣ್ಣುಗಳ ಬೀಜವನ್ನು ಅಗಿದರೆ ಸಯನೈಡ್ ವಿಷ ಹುಟ್ಟುತ್ತದೆ. ಬಾಯ್ತಪ್ಪಿ ಒಂದೆರಡು ಸೇಬಿನ ಬೀಜ ನುಂಗಿದವರು ಗಾಬರಿಗೊಳ್ಳಬೇಕಾಗಿಲ್ಲ. ತಿಂಡಿಯೆಂದು ಮಾತ್ರ ತಿನ್ನಬಾರದು. ಚಿಕ್ಕ ಮಕ್ಕಳಿಗೆ ಯಾವ ಬೀಜವನ್ನೂ ಇಡಿಯಾಗಿ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಂಡರೆ ಅಪಾಯ. ಬೇಯಿಸಿ, ಹಿಸುಕಿ ಕೊಡಬಹುದು.

ಕರಾವಳಿ, ಮಲೆನಾಡುಗಳ ಗೃಹಿಣಿಯರು ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಮಳೆಗಾಲಕ್ಕೆಂದು ಕೂಡಿಡುತ್ತಿದ್ದರು. ತರಕಾರಿ ದುರ್ಲಭವಾದ ದಿನಗಳಲ್ಲಿ ಅದೇ ಪಲ್ಯ, ಅದೇ ಹುಳಿ, ಅದೇ ಮಕ್ಕಳ ತಿಂಡಿ. ಪಟ್ಟಣದವರು ಅಷ್ಟು ಶ್ರಮಪಡಬೇಕಾಗಿಲ್ಲ. ಮುಂದಿನ ಸಲ ಹಣ್ಣು ಹೆಚ್ಚುವಾಗ ಬೀಜಕ್ಕೆಂದು ಪಕ್ಕದಲ್ಲಿ ಒಂದು ಪಾತ್ರೆಯನ್ನಿಟ್ಟುಕೊಂಡರೆ ಸಾಕು.